ಭೀಮಶಿಯ ಗೋಡೆಯ ಬಿರುಕು

ಅನಗವಾಡಿಯ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಸೋಮವಾರದ ಸಣ್ಣ ಭೂಕಂಪದಲ್ಲಿ ಪರಸಪ್ಪನ ಗೋಡೆ ಗೇಣುದ್ದ ಬಿರುಕು ಬಿಟ್ಟಿತು. ಆಳದ ಬಂಡೆಗಳು ವರ್ಷಗಟ್ಟಲೆ ಒತ್ತಡ ತಡೆದು ಒಮ್ಮೆಲೇ ಜಾರಿದರೆ ಮೇಲಿನ ನೆಲ ನಡುಗುತ್ತದೆ ಎಂದು ವಿವರಿಸಿದ ಭೂವಿಜ್ಞಾನಿ ಮೇಡಂ, ವರದಿಗೆಂದು ಬಿರುಕಿನ ಪಕ್ಕ ಪರಸಪ್ಪನನ್ನೇ ನಿಲ್ಲಿಸಿ ಫೋಟೊ ತೆಗೆದರು. ಅದನ್ನು ಕಂಡ ಪಕ್ಕದ ಮನೆಯ ಭೀಮಶಿಯ ಹೊಟ್ಟೆಯೊಳಗೂ ಬಂಡೆ ಜಾರಿತು.

“ನಮ್ಮ ಗ್ವಾಡಿ ಏನ್ ಪಾಪ ಮಾಡಿತ್ತಲೇ?” ಎಂದು ಹೆಂಡತಿಯ ಮುಂದೆ ಗೊಣಗಿದ.

ಮೇಡಂ ಶನಿವಾರ ಮತ್ತೆ ಬರುವರೆಂದು ತಿಳಿದು, ಫೋಟೊ ಚೆಂದ ಬರಲೆಂದು ಗುರುವಾರ ತನ್ನ ಗೋಡೆಗೆ ಸುಣ್ಣ ಬಳಿದ; ಶುಕ್ರವಾರ ಹಾರೆ ಹಿಡಿದು ಮಾರುದ್ದ ಬಿರುಕು ಬಿಡಿಸಿದ.

ಶನಿವಾರ ಬಂದ ಮೇಡಂ ಬಿರುಕಿಗೆ ಬೆರಳಿಟ್ಟರು. “ಸುಣ್ಣ ಯಾವಾಗ ಹಚ್ಚಿದ್ರಿ?”

“ಗುರುವಾರರೀ, ನೀವ್ ಬರ್ತೀರಂತ!”

“ಸೋಮವಾರದ ಭೂಕಂಪ ಗುರುವಾರದ ಸುಣ್ಣಾ ಹೆಂಗ್ರೀ ಸೀಳತೈತಿ?”

ಮೇಡಂ ಕ್ಯಾಮೆರಾ ಚೀಲಕ್ಕೆ ಹಾಕಿದರು.