ಕಸಿಗಂಟಿನ ಕೊಳವೆ

ನಾನು ಒಂದು ಜೀವಕೋಶ. ಹುಟ್ಟಿದ್ದು ಗಾಯದಲ್ಲಿ. ಶ್ರೀನಿವಾಸಪುರದ ಕಡೆ ರೆಡ್ಡೆಮ್ಮನ ತಾಯಿ ನೆಟ್ಟಿದ್ದ ಮಾವಿನ ಮರ ಗಾಳಿಗೆ ಉರುಳಿತು. ಆ ರುಚಿಯ ಹಣ್ಣು ಬೇರೆಲ್ಲೂ ಇರಲಿಲ್ಲ. ರೆಡ್ಡೆಮ್ಮ ಅದರ ಕಡ್ಡಿಗಳನ್ನು ಕೊಯ್ದು ಹುಳಿಮಾವಿನ ಸಸಿಗಳಿಗೆ ಕಸಿ ಕಟ್ಟಿದಳು. ಬಾಡದೆ ಉಳಿದದ್ದು ಒಂದೇ ಕಡ್ಡಿ. ಅದರ ಕೊಯ್ದ ತುದಿಯಲ್ಲಿ ನಾನು ಹುಟ್ಟಿದೆ. ಕೆಳಗಡೆ ಆ ಹುಳಿ ಸಸಿ. ಥೂ, ಎಂಥ ನೆಂಟಸ್ತನ!

ಕಡ್ಡಿಗೆ ನೀರು ಬೇಕು. ನೀರಿರುವುದು ಸಸಿಯ ಬೇರಿನಲ್ಲಿ. ನಡುವೆ ದಾರಿಯೇ ಇಲ್ಲ. ಮೇಲಿನ ಮೊಗ್ಗು ಆಕ್ಸಿನ್ ಎಂಬ ರಸವನ್ನು ಕೆಳಗೆ ಕಳಿಸುತ್ತದೆ, ಕೋಶಗಳಾದ ನಾವು ಮಾತಾಡುವುದು ಅದರಲ್ಲೇ. ಪ್ರತಿ ಕೋಶವೂ ಅದನ್ನು ಪಕ್ಕದ ಕೋಶಕ್ಕೆ ದಾಟಿಸಬೇಕು. ಯಾವ ಸಾಲಿನಲ್ಲಿ ಅದು ಹೆಚ್ಚು ಹರಿಯಿತೋ ಆ ಸಾಲೇ ನೀರಿನ ಕೊಳವೆಯಾಗುತ್ತದೆ. ನಾನು ದಾಟಿಸಿದ್ದೇ ದಾಟಿಸಿದ್ದು. ಕೆಳಗಿನ ಹುಳಿ ಕೋಶಗಳಿಗೋ, ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ!

ಅವಾದರೂ ಪರವಾಗಿಲ್ಲ. ರೆಡ್ಡೆಮ್ಮನ ಗಂಡ ಚಲಪತಿಯ ದಡ್ಡತನಕ್ಕೆ ಮದ್ದೇ ಇಲ್ಲ. ದಿನಾ ಬೆಳಿಗ್ಗೆ ಕಸಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕೂಡಿತೋ ಇಲ್ಲವೋ ಎಂದು ಕಡ್ಡಿಯನ್ನು ಅಲ್ಲಾಡಿಸುವನು. ಆಗತಾನೆ ಅಂಟಿಕೊಂಡಿದ್ದ ನಾವು ಹರಿದುಹೋಗುತ್ತಿದ್ದೆವು. ಮೊಗ್ಗು ಸೊರಗತೊಡಗಿತು.

"ರೀ, ಇರೋದು ಇದೊಂದೇ. ಮುಟ್ಬೇಡಿ ಅಂದ್ರೆ ಕೇಳಲ್ವಲ್ಲ!"

"ನೋಡಿದ್ರೆ ಸವೆದುಹೋಗುತ್ತೇನೇ?"

ರೆಡ್ಡೆಮ್ಮ ಸರಕ್ಕನೆ ಒಳಗೆ ಹೋದಳು. ಅರಿಶಿನದ ಕೊಂಬು ಕಟ್ಟಿದ ದಾರ ತಂದು ಪಟ್ಟಿಯ ಮೇಲೆ ಸುತ್ತಿ ಮೂರು ಗಂಟು ಹಾಕಿದಳು.

"ತಾಳಿ ಕಟ್ಟಿದ್ದೀನಿ. ಈಗ ಬಿಚ್ಚಿ, ನೋಡೋಣ."

ಚಲಪತಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. "ಅಯ್ಯೋ ಶಿವನೇ! ತಾಳಿ ಬಿಚ್ಚೋದುಂಟೇನೇ?"

ಒಂದು ಗಿಡದ ನೋವಿಗೆ ಹೆದರದವನು ಗೇಣುದ್ದ ದಾರಕ್ಕೆ ಹೆದರಿದ. ಇವರ ಬುದ್ಧಿಗಿಷ್ಟು ಬೆಂಕಿ ಹಾಕ!

ಅಂತೂ ನೆಮ್ಮದಿ ಸಿಕ್ಕಿತು. ಹುಳಿ ಕೋಶಗಳೂ ನಿಧಾನವಾಗಿ ರಸವನ್ನು ಪಡೆದು ಕೆಳಕ್ಕೆ ದಾಟಿಸತೊಡಗಿದವು, ಸಾಲು ಕೂಡಿತು. ಆದರೆ ಕೊಳವೆಯಾಗುವುದೆಂದರೆ ಸಾಯುವುದು. ನಾನು ಗೋಡೆಯನ್ನು ಗಟ್ಟಿ ಮಾಡಿಕೊಂಡು, ಒಳಗಿದ್ದುದನ್ನೆಲ್ಲ ಕರಗಿಸಿ, ಟೊಳ್ಳಾದೆ. ಕೆಳಗಿನ ಹುಳಿ ಕೋಶವೂ ನನ್ನ ಜೊತೆಗೇ ಸತ್ತಿತು. ಅಷ್ಟರಮಟ್ಟಿಗೆ ಮರ್ಯಾದಸ್ಥ. ನಮ್ಮ ಖಾಲಿ ಹೊಟ್ಟೆಗಳೊಳಗೆ ನೀರು ಏರಿತು, ಮೊಗ್ಗು ಒಡೆಯಿತು.

ಈಗ ಮರ ದಪ್ಪಗಾಗಿದೆ. ನೀರು ಹೊರಗಿನ ಹೊಸ ಕೊಳವೆಗಳ ಪಾಲು, ಒಳಗೆ ಕಟ್ಟಿಗೆಯಾಗಿ ಕೂತವನು ನಾನು. ಸತ್ತರೂ ನನ್ನ ನಾಲಿಗೆ ಸತ್ತಿಲ್ಲ. ಈ ಬೇಸಿಗೆಯಲ್ಲಿ ಮೊದಲ ಹಣ್ಣು ಬಂತು. ಚಲಪತಿ ಮೊಣಕೈವರೆಗೆ ರಸ ಸುರಿಸಿಕೊಂಡು, "ನೋಡ್ದ್ಯಾ, ನನ್ನ ಕೈಗುಣ!" ಎಂದ. ಕೈಗುಣವಂತೆ, ಇವನ ತಲೆ!

ರೆಡ್ಡೆಮ್ಮ ಒಂದು ತುಂಡು ಬಾಯಿಗಿಟ್ಟಳು. ಕಣ್ಣು ತುಂಬಿತು. "ನಮ್ಮಮ್ಮನ ಹಣ್ಣೇ ಕಣ್ರೀ" ಎಂದು ಕಸಿಗಂಟಿನ ಮೇಲೆ ಕೈಯಿಟ್ಟಳು.

ಬೈಯಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ.