ಸಕ್ಕರೆ ನೀರಿನ ಬಾಟಲಿ

ಬಸವಕಲ್ಯಾಣದ ವಿಜಯಶ್ರೀ, ಕೊಹಿನೂರಿನ ಆಮ್ರಪಾಲಿ ಇಬ್ಬರೂ ಹುಮನಾಬಾದಿನ ಫಾರ್ಮಸಿ ಕಾಲೇಜಿನಲ್ಲಿ ಒಂದೇ ದಿನ ಸಂಶೋಧನೆಗೆ ಸೇರಿದವರು. ಗೆಳತಿಯರೂ ಹೌದು, ಸುಳ್ಳಲ್ಲ. ಆದರೆ ಹೊಟ್ಟೆಕಿಚ್ಚಿಗೆ ಗೆಳೆತನದ ಗುರುತು ಎಲ್ಲಿಂದ ಬರಬೇಕು?

ಕುಗ್ಗಿದ ಮನಸ್ಸಿಗೆ ಗಿಡದ ಮದ್ದು ಹುಡುಕುವುದು ಇಬ್ಬರ ಕೆಲಸ, ಪ್ರಯೋಗ ಇಲಿಗಳ ಮೇಲೆ. ವಾರಗಟ್ಟಲೆ ಕಾಟ ಕೊಟ್ಟರೆ ಇಲಿಗೂ ಮನಸ್ಸು ಕುಗ್ಗುತ್ತದೆ. ಕುಗ್ಗಿದ ಇಲಿಗೆ ಸಕ್ಕರೆ ನೀರೂ ಒಂದೇ, ಬರಿ ನೀರೂ ಒಂದೇ. ಗಿಡದ ಸಾರ ಕುಡಿಸಿದ ಮೇಲೆ ಅದು ಮತ್ತೆ ಸಿಹಿ ಹುಡುಕಿಕೊಂಡು ಹೋದರೆ, ಮಿದುಳು ಚೇತರಿಸಿಕೊಳ್ಳುತ್ತಿರಬಹುದು ಎಂದು ತಿಳಿಯಬೇಕು.

ಹೈದರಾಬಾದಿನಿಂದ ಔಷಧಿ ಬೇರು ತರಿಸಿ ವಿಜಯಶ್ರೀ ಎರಡು ವರ್ಷ ಜೀವ ತೇದಿದ್ದಳು. ಅವಳ ಇಲಿಗಳು ಮೂಲೆ ಬಿಟ್ಟು ಏಳಲಿಲ್ಲ. ಆಮ್ರಪಾಲಿಯೋ, ಅಪ್ಪನ ಹೊಲದ ಕುಸುಬಿ ಹೂವನ್ನು ಚೀಲದಲ್ಲಿ ತುಂಬಿಕೊಂಡು ಬಂದವಳು. ಅವಳ ಇಲಿಗಳು ಸಕ್ಕರೆ ಬಾಟಲಿ ಬಿಟ್ಟು ಕದಲಲಿಲ್ಲ. ಬೇಲಿಗುಂಟ ಬೆಳೆಯುವ ಮುಳ್ಳುಗಿಡಕ್ಕೆ ಈ ಭಾಗ್ಯವೇ! ಗೆದ್ದ ಸಾರದ ಕೆಲಸ ಮಾತ್ರ ಮುಂದುವರಿಯುತ್ತದೆ, ಇನ್ನೊಂದು ಬಂದ್ ಎಂದು ಗೈಡ್ ಹೇಳಿಯಾಗಿತ್ತು.

ಕೊನೆಯ ಪರೀಕ್ಷೆಯ ಮಧ್ಯಾಹ್ನ ಆಮ್ರಪಾಲಿ ಮಾಣಿಕನಗರದ ಗುಡಿಗೆ ಹೋಗಿದ್ದಳು. ವಿಜಯಶ್ರೀ ಪರೀಕ್ಷೆಗಿಟ್ಟ ಅವಳ ಇಲಿಯ ಪಂಜರದಲ್ಲಿ ಸಕ್ಕರೆ ನೀರು, ಬರಿ ನೀರಿನ ಎರಡೂ ಬಾಟಲಿಗಳ ಚೀಟಿಗಳನ್ನು ಅದಲುಬದಲು ಮಾಡಿಬಿಟ್ಟಳು. ಇನ್ನು ಆ ಇಲಿ ಕುಡಿದ ಸಕ್ಕರೆ ನೀರೆಲ್ಲ ಬರಿ ನೀರೆಂದು ದಾಖಲಾಗುತ್ತದೆ.

ಆಮ್ರಪಾಲಿ ಬಂದವಳೇ ಪೇಡೆಯ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು.

“ನಾ ಒಲ್ಲೆ,” ಎಂದಳು ವಿಜಯಶ್ರೀ.

“ಗೊತ್ತಿತ್ತು. ಮೊದಲೆಲ್ಲ ಚಹಾಕ್ಕ ಮೂರ ಚಮಚಾ ಸಕ್ಕರಿ ಬೇಕಿತ್ತು ನಿನಗ. ಈಗ ಹಾಕದಿದ್ರೂ ಸುಮ್ಮನ ಕುಡದ ಬಿಡ್ತಿ. ಎರಡ ತಿಂಗಳಾತು, ನೋಡಾಕತ್ತೇನಿ. ಇಲಿಗೆ ಹಿಂಗಾದ್ರ ಬರಕೊಳ್ತೀವಿ, ನಿನಗಾದ್ರ ಯಾರ ಕೇಳಬೇಕು, ವಿಜಿ? ಬಸವಕಲ್ಯಾಣದಾಗ ಮನಸಿನ ಡಾಕ್ಟರ್ ಕಡೆ ನಾಳಿಗೆ ಹೆಸರು ಹಚ್ಚೇನಿ. ನಾನೂ ಬರ್ತೀನಿ.”

ವಿಜಯಶ್ರೀಗೆ ಮೈಯೆಲ್ಲ ಉರಿಯಿತು. ಗೆಲ್ಲುವುದೂ ಇವಳೇ, ಕರುಣೆ ತೋರುವುದೂ ಇವಳೇ! ಮಾತು ನಿಲ್ಲಿಸಲೆಂದೇ ಒಂದು ಪೇಡೆ ತೆಗೆದು ಬಾಯಿಗೆ ಹಾಕಿಕೊಂಡಳು. ಬರಿ ಹಿಟ್ಟು ತಿಂದಂತಾಯಿತು. ಮತ್ತೊಮ್ಮೆ ನಾಲಗೆ ಆಡಿಸಿ ನೋಡಿದಳು. ಸಿಹಿ ಇದ್ದಿರಬೇಕು, ಆದರೆ ಅವಳಿಗೆ ಬೇಕೆನಿಸಲಿಲ್ಲ.

ಪಂಜರದಲ್ಲಿ ಆಮ್ರಪಾಲಿಯ ಇಲಿ ಸುಳ್ಳು ಚೀಟಿಯ ಬಾಟಲಿಗೆ ಬಾಯಿ ಹಚ್ಚಿ ಸಕ್ಕರೆ ನೀರು ಚಪ್ಪರಿಸುತ್ತಿತ್ತು. ವಿಜಯಶ್ರೀಗೆ ಈಗ ಆ ಇಲಿಯ ಮೇಲೆ ಹೊಟ್ಟೆಕಿಚ್ಚಾಯಿತು.

“ಆ ಚೀಟಿ ತಪ್ಪ ಅದಾವ,” ಎಂದಳು. “ನಾನೇ ಬದಲ ಮಾಡೇನಿ.”

ಆಮ್ರಪಾಲಿ ಪಂಜರದತ್ತ ಹೋಗಿ ಚೀಟಿಗಳನ್ನು ಸರಿ ಮಾಡಿದಳು.

“ಡಾಕ್ಟರ್ ಹತ್ತಕ್ಕ ಬರಾಕ ಹೇಳ್ಯಾರ,” ಎಂದಳು. ತಿರುಗಿ ನೋಡಲಿಲ್ಲ.