ಎಲೆತೋಟದ ಔಷಧಿ

"ಇಲಿಗಳ ಲಿವರ್ ಊದಿಕೊಂಡಿದೆ ಸಿಂಚನ. ಔಷಧಿ ಕಡಿಮೆ ಕೊಟ್ಟ ಗುಂಪಿನಲ್ಲೂ ಅಷ್ಟೇ," ಎಂದರು ವಾಗೀಶ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾ. "ಇದನ್ನ ಇಲ್ಲಿಗೇ ನಿಲ್ಲಿಸೋಣಮ್ಮ."

ಬೆಳೆಗಳ ರೋಗಕ್ಕೆ ಹೊಸ ಔಷಧಿ ಹುಡುಕುವ ಆ ಖಾಸಗಿ ಪ್ರಯೋಗಾಲಯದಲ್ಲಿ ವಾಗೀಶ ಅವಳ ಮೇಲಧಿಕಾರಿ. ವರ್ಷಗಟ್ಟಲೆ ಫ್ಲಾಸ್ಕುಗಳ ಮುಂದೆ ನಿಂತು ಸಿಂಚನ ತಯಾರಿಸಿದ ಬಿಳಿ ಹರಳು ಅದು. ವೀಳ್ಯದೆಲೆ ಬಳ್ಳಿಯ ಬುಡ ಕೊಳೆಸುವ ರೋಗಾಣುವನ್ನು ಅದು ಕೊಂದಿತ್ತು. ಪರೀಕ್ಷೆಗೆಂದು ಕೊಳೆತ ಬಳ್ಳಿ ತಂದುಕೊಟ್ಟವನು ಅವಳ ಅಪ್ಪ ಮಹದೇವು. ಊರಂಚಿನಲ್ಲಿ ಅವನದೊಂದು ಸಣ್ಣ ಎಲೆತೋಟ. ಕುಂಡದ ಬಳ್ಳಿ ಚೇತರಿಸಿಕೊಂಡು ಚಿಗುರಿದಾಗ, ಖುಷಿ ತಡೆಯಲಾರದೆ ಸಿಂಚನಳೇ ಫೋಟೊ ತೆಗೆದು ಅಪ್ಪನಿಗೆ ತೋರಿಸಿದ್ದಳು.

"ಸರ್, ವಿಷ ಆಗ್ತಿರೋದು ಅದರಲ್ಲಿರೋ ಕ್ಲೋರಿನ್ನಿಂದ ಇರಬಹುದು. ಅದನ್ನ ತೆಗೆದು ಮಾಡಿ ನೋಡಲಾ?"

"ಮೊದಲು ಅದಿಲ್ಲದೇ ಮಾಡಿದ್ರಲ್ಲಮ್ಮ. ರೋಗಕ್ಕೆ ಏನೂ ಆಗಲಿಲ್ಲ." ವಾಗೀಶರ ದನಿ ಇಳಿಯಿತು. "ಬೇರೆ ಹುಡುಕೋಣ. ವರ್ಷಗಳೇ ಹಿಡಿಯುತ್ತೆ, ಅಷ್ಟೇ."

ಸಂಜೆ ಕುಂಬಾರಕೊಪ್ಪಲಿನ ಮನೆಗೆ ಬಂದಾಗ ಮಹದೇವು ಜಗುಲಿಯ ಮೇಲೆ ಕಾಯುತ್ತಿದ್ದ.

"ತಂದ್ಯಾ ಮಗ?"

"ಇಲ್ಲಪ್ಪ. ಅದು ಆಗಲ್ಲ."

"ಕೆಲ್ಸ ಮಾಡ್ತು ಅಂದೆ. ಪೋಟೊ ತೋರ್ಸ್ದೆ."

"ಮಾಡ್ತದೆ. ಆದ್ರೆ ಇಲಿಗಳಿಗೆ ಕೊಟ್ಟು ನೋಡಿದ್ರು, ಲಿವರ್ ಕೆಟ್ಟೋಯ್ತು. ಎಲೇನ ಜನ ಹಸೀದೇ ಅಗೀತಾರೆ. ತೊಳೆದ್ರೆ ಹೋಗೋದಲ್ಲ ಅದು."

"ಎಲೆ ಮುಟ್ಟೋದೇ ಬ್ಯಾಡ. ಬುಡಕ್ಕೆ ಒಸಿ ಉಯ್ದುಬುಡ್ತೀನಿ."

"ಬೇರಿಂದ ಎಲೆಗೆ ಏರ್ತದಪ್ಪ," ಎಂದಳು ಸಿಂಚನ. "ಹಂಗೆ ಏರ್ಲಿ ಅಂತ್ಲೇ ನಾನು ಮಾಡಿದ್ದು."

ಅಡುಗೆಮನೆಯಿಂದ ಅವ್ವ ಬೆಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಬಾಣಂತೀರು ತಿಂತಾರೆ ಕಣ್ರೀ. ಬುಡಿ, ಬ್ಯಾಡ."

ಮಹದೇವು ಹೆಂಡತಿಯ ಕಡೆ ತಿರುಗಲಿಲ್ಲ. "ಮಾಡ್ದೋಳು ನೀನೇ ಅಲ್ವಾ ಮಗ? ನಿನ್ ಕೈಲೂ ಏನೂ ಇಲ್ವಾ?"

ಸಿಂಚನ ಚಪ್ಪಲಿಯನ್ನೂ ಬಿಡದೆ ನಿಂತಿದ್ದಳು.

ಮರುದಿನ, ಉಳಿದ ಹರಳನ್ನೆಲ್ಲ ಸುಡಲು ಕಳಿಸುವ ಕೆಲಸ ಅವಳಿಗೇ ಬಂತು. ಹೊಲದ ಪ್ರಯೋಗಕ್ಕೆಂದು ಹೆಚ್ಚಾಗಿಯೇ ಮಾಡಿಟ್ಟಿದ್ದರು. ಅಪ್ಪನ ತೋಟಕ್ಕೆ ಧಾರಾಳವಾಗಿ ಸಾಲುತ್ತಿತ್ತು. ಬಾಟಲಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತಿದ್ದಳು. ಪಕ್ಕದಲ್ಲಿ ಅವಳ ಬ್ಯಾಗಿನ ಜಿಪ್ಪು ತೆರೆದೇ ಇತ್ತು. ಕೊನೆಗೆ ಎದ್ದು, ತ್ಯಾಜ್ಯದ ಡ್ರಮ್ಮಿಗೆ ಹಾಕಿ ಮುಚ್ಚಳ ಬಿಗಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ರೋಗ ತೋಟವನ್ನೆಲ್ಲ ಹಿಡಿಯಿತು. ಒಂದು ಭಾನುವಾರ ಅಪ್ಪನ ಜೊತೆ ಅವಳೂ ಬಳ್ಳಿ ಕೀಳಲು ಹೋದಳು. ಕಷ್ಟವಾದೀತೆಂದುಕೊಂಡಿದ್ದಳು, ಮೆಲ್ಲಗೆ ಎಳೆದರೂ ಬಳ್ಳಿ ಸಲೀಸಾಗಿ ಕಿತ್ತು ಬರುತ್ತಿತ್ತು.

ಮೂಲೆಯೊಂದರಲ್ಲಿ ಮಾತ್ರ ರೋಗ ಇನ್ನೂ ತಲುಪದ ಬಳ್ಳಿಗಳಿದ್ದವು. ಮಹದೇವು ಅಲ್ಲಿಂದ ಒಂದು ಎಲೆ ಕಿತ್ತು, ಪಂಚೆಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿದ. ಅಡಿಕೆ ಇಟ್ಟು ಮಡಿಸಿ ಮಗಳ ಮುಂದೆ ಹಿಡಿದ. ಅವಳು ಕೆಸರಾದ ಕೈಗಳನ್ನು ತೋರಿಸಿದಳು.

"ಬಾಯಿ ತಗಿ," ಎಂದ.

ಅವಳು ಬಾಯಿ ತೆರೆದಳು. ಎಲೆಯ ಖಾರ ನಿಧಾನವಾಗಿ ನಾಲಿಗೆಗೆ ಹತ್ತಿತು. ಬಳ್ಳಿ ಕಳಚಿದ ಹಾಲುವಾಣದ ಮರಗಳ ನಡುವೆ ಅಪ್ಪ ಮತ್ತೆ ಬಗ್ಗಿ ಕೀಳತೊಡಗಿದ್ದ.